ನಾಯಿಪುಡಿಯ ಮೊದಲ ಚಿಟಿಕೆ

ಸೋಮವಾರ ಹತ್ತು ಗಂಟೆಗೆ ಫೋನು ಬರಬೇಕಿತ್ತು. ಬರುವುದಿಲ್ಲವೆಂದು ನನಗೆ ಗೊತ್ತಿತ್ತು. ಫೋನು ಮಾಡುತ್ತಿದ್ದಾಕೆ ತೀರಿಹೋಗಿ ಹನ್ನೊಂದು ದಿನವಾಗಿತ್ತು, ಕಲ್ಯಾಣದುರ್ಗಕ್ಕೆ ಹೋಗಿ ಒಂದು ಹಿಡಿ ಮಣ್ಣು ಹಾಕಿ ಬಂದವನೂ ನಾನೇ. ಆದರೂ ಜರಡಿ ಹಿಡಿದ ಕೈ ಮತ್ತೆ ಮತ್ತೆ ನಿಂತುಬಿಡುತ್ತಿತ್ತು.

ಹಿಂದೂಪುರದಲ್ಲಿ ಮನೆಯ ಮುಂದುಗಡೆಯೇ ನನ್ನದೊಂದು ಹಿಂಡಿ ಬೂಸಾ ಅಂಗಡಿ. ಅದರ ಒಂದು ಮೂಲೆಯಲ್ಲಿ ನಾಯಿ ಬೆಕ್ಕುಗಳ ಆಹಾರ, ಟಾನಿಕ್ಕು, ಮಾತ್ರೆ, ಜೊತೆಗೆ ನಾಯಿಗಳ ಗಂಜಿಗೆಂದು ನಾನೇ ಬೀಸಿ ಕಟ್ಟುವ ನಾಯಿಪುಡಿ. ಹದಿನೈದು ದಿನಕ್ಕೊಮ್ಮೆ ಸೋಮವಾರದ ದಿನ ಬೀಸುತ್ತೇನೆ. ಬೀಸಿದ ದಿನ ಬೆಳಿಗ್ಗೆ ಹತ್ತಕ್ಕೆ ತಪ್ಪದೆ ಆಕೆಯ ಫೋನು. ಹಲೋ ಇಲ್ಲ, ತಿಂಡಿ ಆಯ್ತಾ ಇಲ್ಲ. “ಬಾಯಿಗೆ ಹಾಕ್ಕಂಡಾ?” ಎನ್ನುವುದೊಂದೇ ಮಾತು. “ಹಾಕ್ಕಂಡೆ ಅಕ್ಕ” ಅಂದರೆ “ಸರಿ ಬುಡು” ಎಂದು ಇಟ್ಟುಬಿಡುತ್ತಿದ್ದಳು. ಮೂರು ವರ್ಷ ನಮ್ಮಿಬ್ಬರ ನಡುವೆ ಇದಕ್ಕಿಂತ ಹೆಚ್ಚಿನ ಮಾತು ಫೋನಿನಲ್ಲಿ ನಡೆದದ್ದು ಕಡಿಮೆ. ಆ ಒಂದು ಮಾತಿಗೆ ನಾನು ಎಷ್ಟು ಹೆದರುತ್ತಿದ್ದೆನೆಂದರೆ ಒಂಬತ್ತೂವರೆಗೇ ಫೋನು ಎದುರಿಗಿಟ್ಟುಕೊಂಡು ಕೂರುತ್ತಿದ್ದೆ.

ನಾನು ಅಕ್ಕ ಎಂದು ಕರೆಯುತ್ತಿದ್ದ ಆಕೆಯ ಹೆಸರು ಬರೆಯುವುದಿಲ್ಲ. ಬರೆದರೆ ಅವಳಿಗೆ ಆಗುತ್ತಿರಲಿಲ್ಲ. ಪೇಪರಿನಲ್ಲಿ ಹೆಸರು ಬಂದರೆ ಯಾರಾದರೂ ಹುಡುಕಿಕೊಂಡು ಬಂದಾರು ಎಂದು ಅಂಜುವ ಹೆಂಗಸು. ಪಶು ಆಸ್ಪತ್ರೆಗಳಲ್ಲಿ ಮೂವತ್ತು ವರ್ಷ ಕಾಂಪೌಂಡರ್ ಆಗಿದ್ದಳು, ಕೊನೆಯ ಆರು ವರ್ಷ ನಮ್ಮೂರಿನಲ್ಲಿ. ಹಲ್ಲು ಕಿರಿದು ನಿಂತ ನಾಯಿಯ ಬಾಯಿಗೆ ಕೈ ಹಾಕಿ ಗಂಟಲಿಗೆ ಸಿಕ್ಕಿದ ಮೂಳೆ ತೆಗೆದದ್ದನ್ನು ನಾನೇ ಕಣ್ಣಾರೆ ನೋಡಿದ್ದೇನೆ. ಅದೇ ಹೆಂಗಸಿಗೆ ರಸ್ತೆ ದಾಟುವುದೆಂದರೆ ಜೀವ ಬಾಯಿಗೆ ಬರುತ್ತಿತ್ತು. ಒಂದು ಎಮ್ಮೆಯೋ ಹಸುವೋ ದಾಟುವ ತನಕ ಬದಿಯಲ್ಲಿ ಕಾದು ನಿಂತು, ಅದರ ಮಗ್ಗುಲಿಗೆ ಅಂಟಿಕೊಂಡು ದಾಟುತ್ತಿದ್ದಳು. ಮನುಷ್ಯರಿಗೆ ಲಾರಿಯವನು ನಿಲ್ಲಿಸುತ್ತಾನೋ ಇಲ್ಲವೋ, ಎಮ್ಮೆಗಂತೂ ನಿಲ್ಲಿಸುತ್ತಾನೆ, ಗಾಡಿ ನಜ್ಜಾಗುತ್ತದಲ್ಲ ಎಂಬುದು ಅವಳ ಲೆಕ್ಕ. ಮನೆಗೆ ಬೀಗ ಹಾಕಿ ಬೀದಿ ಕೊನೆಗೆ ಬಂದ ಮೇಲೆ ಗ್ಯಾಸ್ ಆರಿಸಿದೆನೋ ಇಲ್ಲವೋ ಎಂದು ಮತ್ತೆ ಹಿಂದಕ್ಕೆ ಹೋಗುವಳು. ತನಗೆ ಇಂಜೆಕ್ಷನ್ ಎಂದರೆ ಮಗುವಿನ ಹಾಗೆ ಅಳುವಳು. ನಾನೂ ಹುಟ್ಟು ಪುಕ್ಕಲ. ಅದಕ್ಕೇ ನಿನಗೂ ನನಗೂ ಸರಿಹೋಯಿತು ಎಂದು ಎಷ್ಟೋ ಸಲ ನಗುತ್ತಿದ್ದಳು.

ಪರಿಚಯವಾದದ್ದು ಒಂದು ಬೆಕ್ಕಿನಿಂದ. ಆಗ ನಮ್ಮದು ಹುಣಸೆಹಣ್ಣಿನ ವ್ಯಾಪಾರ. ಮನೆಯ ಹಿಂದೆಯೇ ಗೋಡೌನು, ಅಲ್ಲಿ ಇಲಿ ಕಾಯಲು ಒಂದು ಬೂದು ಬೆಕ್ಕು. ನಮ್ಮದು ಲಿಂಗ ಕಟ್ಟಿದ ಮನೆ. ಹೊಸಿಲೊಳಗೆ ಮೊಟ್ಟೆಯೂ ಬಂದದ್ದಿಲ್ಲ, ಬೆಕ್ಕಿಗೂ ಎರಡು ಹೊತ್ತು ಹಾಲನ್ನವೇ. ಒಂದು ವರ್ಷ ಸರಕನ್ನೆಲ್ಲ ಕೋಲ್ಡ್ ಸ್ಟೋರೇಜಿಗೆ ಸಾಗಿಸಿ ಗೋಡೌನು ಖಾಲಿ ಮಾಡಿದೆವು. ಅದಾಗಿ ಮತ್ತೊಂದು ವರ್ಷಕ್ಕೆ ಬೆಕ್ಕು ಬಾಗಿಲ ಚೌಕಟ್ಟಿಗೆ ಮೂತಿ ಬಡಿಸಿಕೊಳ್ಳತೊಡಗಿತು. ಬುಟ್ಟಿಯಲ್ಲಿಟ್ಟು ಆಸ್ಪತ್ರೆಗೆ ಒಯ್ದೆ. ಡಾಕ್ಟರು ಯಾವುದೋ ಹಳ್ಳಿಯ ಕ್ಯಾಂಪಿಗೆ ಹೋಗಿದ್ದರು. ಟೇಬಲಿನ ಆಚೆ ಈಕೆ ಕೂತಿದ್ದಳು, ಕನ್ನಡಕದ ಮುರಿದ ಕಡ್ಡಿಗೆ ದಾರ ಸುತ್ತಿ ಕಿವಿಗೆ ಸಿಕ್ಕಿಸಿಕೊಂಡು.

ಒಂದು ಹತ್ತಿಯುಂಡೆ ತೆಗೆದು ಬೆಕ್ಕಿನ ಕಣ್ಣ ಮುಂದೆ ಬೀಳಿಸಿದಳು. ಬೆಕ್ಕು ಅತ್ತ ತಿರುಗಲಿಲ್ಲ. ಇನ್ನೊಮ್ಮೆ ಬೀಳಿಸಿದಳು. ಏನು ಹಾಕುತ್ತೀರಿ ಎಂದು ಕೇಳಿದಳು. ಹಾಲನ್ನ, ಒಂದು ದಿನವೂ ತಪ್ಪಿಸಿಲ್ಲ ಎಂದು ನಾನು ಹೆಮ್ಮೆಯಿಂದಲೇ ಹೇಳಿದೆ. ಇಲಿ ಹಿಡಿಯುವುದಿಲ್ಲವೇ ಎಂದಳು. ಗೋಡೌನು ಖಾಲಿಯಾದ ಮೇಲೆ ಇಲಿ ಎಲ್ಲಿಂದ ಬರಬೇಕು ಎಂದೆ. ಆಕೆ ಹಣೆಗೆ ಕೈ ಹಚ್ಚಿಕೊಂಡಳು.

“ಇಷ್ಟ್ ದಿನ ಇದು ಬದುಕಿದ್ದು ನಿಮ್ ಹಾಲನ್ನದಿಂದ ಅಲ್ಲ ಕಣಪ್ಪ, ಇಲಿಯಿಂದ.”

ಆಮೇಲೆ ಬಿಡಿಸಿ ಹೇಳಿದಳು. ಮಾಂಸದಲ್ಲಿ ಟಾರಿನ್ ಎಂಬುದೊಂದು ಅಂಶವಿದೆಯಂತೆ. ನಾಯಿಯ ಮೈ ಅದನ್ನು ಹೇಗೋ ತಾನೇ ಮಾಡಿಕೊಳ್ಳುತ್ತದೆ, ಬೆಕ್ಕಿನ ಮೈಗೆ ಬೇಕಾದಷ್ಟು ಮಾಡಿಕೊಳ್ಳಲು ಬರುವುದಿಲ್ಲ. ಅದು ಸಿಗದಿದ್ದರೆ ಮೊದಲು ಕಣ್ಣು ಹೋಗುತ್ತದೆ, ಆಮೇಲೆ ಹೃದಯ. ಹೋದ ಕಣ್ಣು ಬರುವುದಿಲ್ಲ. ಮೀನೋ ಮಾಂಸವೋ ಸಿಕ್ಕರೆ ಹೃದಯ ಉಳಿದೀತು. ಮಾರನೆಯ ದಿನ ಡಾಕ್ಟರು ನೋಡಿ ಅದನ್ನೇ ಹೇಳಿದರು. ನಾನು ಆ ಬುಟ್ಟಿ ಹಿಡಿದು ಆಸ್ಪತ್ರೆಯ ಮೆಟ್ಟಿಲ ಮೇಲೆ ತುಂಬ ಹೊತ್ತು ಕೂತಿದ್ದೆ. ಹೊಡೆದು ಬಡಿದು ಮಾಡಿದ್ದಲ್ಲ, ಪ್ರೀತಿಯಿಂದ ಕಲಸಿ ಹಾಕಿ ಹಾಕಿ ಒಂದು ಜೀವದ ಕಣ್ಣು ಕಳೆದಿದ್ದೆವು. ಒಳ್ಳೆಯದು ಮಾಡುತ್ತಿದ್ದೇನೆ ಎಂದುಕೊಂಡೇ ಇಂಥದ್ದು ಮಾಡಬಹುದು ಎಂಬ ಹೆದರಿಕೆ ಅವತ್ತು ಹೊಕ್ಕಿದ್ದು, ಇವತ್ತಿಗೂ ಹೋಗಿಲ್ಲ.

ಮನೆಯಲ್ಲಿ ಹೇಳಿದೆ. ನನ್ನ ಹೆಂಡತಿ ಕಣ್ಣೀರು ಹಾಕಿದಳು, ಆದರೆ ಮೀನು ಮಾತ್ರ ಕಾಂಪೌಂಡಿನೊಳಗೂ ಬರಕೂಡದು ಎಂದಳು. ಅಕ್ಕ ವಾದಕ್ಕೆ ಬರಲಿಲ್ಲ. ತನ್ನ ಮನೆಯಲ್ಲಿ ಹೇಗೂ ಮೀನು ಬೇಯುತ್ತದೆ ಎಂದು ಬೆಕ್ಕನ್ನು ತಾನೇ ಕರೆದೊಯ್ದಳು. ರಿಟೈರ್ ಆಗಿ ತನ್ನ ಊರು ಕಲ್ಯಾಣದುರ್ಗಕ್ಕೆ ಹೊರಟಾಗಲೂ ಆ ಕುರುಡು ಬೆಕ್ಕು ಬಸ್ಸಿನಲ್ಲಿ ಅವಳ ತೊಡೆಯ ಮೇಲಿತ್ತು.

ಅಲ್ಲಿ ಬಸ್ ಸ್ಟ್ಯಾಂಡಿನ ಹಿಂದಿನ ಸಂದಿಯಲ್ಲಿ ಅವಳ ಎರಡು ಕೋಣೆಯ ಮನೆ. ಜನ ನಾಯಿ ಬೆಕ್ಕು ಹಿಡಿದುಕೊಂಡು ಬರುತ್ತಿದ್ದರು, ಸುತ್ತಲ ಹಳ್ಳಿಗಳಿಂದ ಷೇರ್ ಜೀಪಿನಲ್ಲಿ ಕೂಡ. ಔಷಧ ಮಾತ್ರ ಕೊಡುತ್ತಿರಲಿಲ್ಲ. ನಾನು ಡಾಕ್ಟರಲ್ಲ ಎಂದು ಆಸ್ಪತ್ರೆಗೆ ಅಟ್ಟುತ್ತಿದ್ದಳು. ಏನು ತಿನ್ನಿಸುತ್ತೀರಿ ಎಂಬುದನ್ನಾದರೆ ಪೊಲೀಸರ ಹಾಗೆ ಬೆನ್ನಟ್ಟಿ ಕೇಳುತ್ತಿದ್ದಳು. ಗಡಿಸೀಮೆಯ ನಮ್ಮ ಕಡೆ ಎಲ್ಲರ ಬಾಯಲ್ಲೂ ಎರಡು ಭಾಷೆ. ಅಕ್ಕ ಜನರೊಡನೆ ಕನ್ನಡ ಆಡಿದರೆ ನಾಯಿಗಳೊಡನೆ ತೆಲುಗು. “ಏಮಿರಾ, ಏಮಿ ತಿನ್ನಾವು?”, ಏನು ತಿಂದೆಯೋ ಎಂದು ಮೊದಲು ನಾಯಿಯನ್ನೇ ವಿಚಾರಿಸಿ, ಅದರ ಬಾಯಿ ಮೂಸಿ, ಒಸಡು ಒತ್ತಿ ನೋಡಿ, ಆಮೇಲೆ ಒಡೆಯನ ಕಡೆ ತಿರುಗುವಳು. ಹೀಗೇಕೆ ಎಂದು ನಾನು ಒಮ್ಮೆ ಕೆಣಕಿದ್ದಕ್ಕೆ, ಸುಳ್ಳು ಹೇಳದವರನ್ನು ಮೊದಲು ಕೇಳಬೇಕಲ್ಲ ಎಂದಳು.

ಒಬ್ಬಾತ ದೊಡ್ಡ ಜಾತಿಯ ಮರಿಯೊಂದನ್ನು ತಂದಿದ್ದ. ಮುಂಗಾಲು ಎರಡೂ ಬಿಲ್ಲಿನ ಹಾಗೆ ಬಾಗಿದ್ದವು. ಎತ್ತರ ಬೆಳೆಯಲಿ ಎಂದು ಮೂರು ಬಗೆಯ ಕ್ಯಾಲ್ಸಿಯಂ ಟಾನಿಕ್ಕು ಕುಡಿಸುತ್ತಿದ್ದನಂತೆ, ಅದೂ ಮರಿಗೆಂದೇ ಮಾಡಿದ ಪ್ಯಾಕೆಟ್ಟಿನ ಆಹಾರದ ಮೇಲೆ. ಆಕೆ ಬಾಟಲಿಗಳನ್ನು ಸಾಲಾಗಿ ಇಟ್ಟು, ಕನ್ನಡಕ ಏರಿಸಿ, ಸಣ್ಣ ಅಕ್ಷರಗಳನ್ನೆಲ್ಲ ಬೆರಳಿಟ್ಟು ಓದಿದಳು.

“ಟಾನಿಕ್ಕು ಅಂದ್ರೆ ಪ್ರಸಾದ ಅಲ್ಲ ಕಣಪ್ಪ, ಎಷ್ಟ್ ಕೊಟ್ರೂ ಒಳ್ಳೇದು ಅನ್ನಾಕೆ. ನಿಂಗೆ ಒಂದ್ ಚೂರೂ ಹೆದ್ರಿಕೆ ಆಗಲಿಲ್ವಾ?”

ಆತ ನಕ್ಕುಬಿಟ್ಟ. ಅವನು ಹೋದ ಮೇಲೂ ಅಕ್ಕ ಬಾಗಿಲ ಕಡೆಯೇ ನೋಡುತ್ತಿದ್ದಳು. ಕಚ್ಚುವ ನಾಯಿ ಅವಳಿಗೆ ಲೆಕ್ಕಕ್ಕಿಲ್ಲ, ಹೆದರದ ಮನುಷ್ಯನನ್ನು ಕಂಡರೆ ಮಾತ್ರ ಅವಳಿಗೆ ಆಗುತ್ತಿರಲಿಲ್ಲ.

ಹುಣಸೆ ವ್ಯಾಪಾರ ಅಣ್ಣನ ಪಾಲಿಗೆ ಹೋಗಿ ನಾನು ಬೂಸಾ ಅಂಗಡಿ ಇಟ್ಟೆ. ನಮ್ಮ ಬಳಗದವರ ಮನೆಗಳಲ್ಲಿ ನಾಯಿ ಸಾಕುವ ಹುಚ್ಚು ಹೆಚ್ಚಿತ್ತು, ಮಾಂಸ ತರುವಂತಿರಲಿಲ್ಲ. ನಾಯಿಗಳು ಬರಿ ಅನ್ನ ಸಾರು ತಿಂದು ಕೂದಲು ಉದುರಿಸಿಕೊಂಡು ತಿರುಗುತ್ತಿದ್ದವು. ಅವಕ್ಕೊಂದು ಪುಡಿ ಮಾಡಿ ಮಾರೋಣವೆಂದು ಅಕ್ಕನ ಬಳಿ ಹೋದೆ. ರಾಗಿ, ಹುರುಳಿ, ಹೆಸರುಬೇಳೆ, ಹುರಿದ ಅಗಸೆ, ಒಣಗಿಸಿದ ನುಗ್ಗೆಸೊಪ್ಪು ಎಂದು ಅವಳೇ ಅಳತೆ ಹೇಳಿದಳು. ಮೊಟ್ಟೆ ಸೇರಿಸುವವರು ಸೇರಿಸಿಕೊಳ್ಳಲಿ, ಬೆಕ್ಕಿಗೆ ಈ ಪುಡಿ ಆಗದು ಎಂದು ಪೊಟ್ಟಣದ ಮೇಲೆ ದೊಡ್ಡದಾಗಿ ಬರೆಸು ಎಂದಳು. ಇನ್ನಷ್ಟು ಸತ್ವ ಬರಲಿ, ಕಡಲೆಕಾಯಿ ಹಿಂಡಿ ಹಾಕುತ್ತೇನೆ ಎಂದೆ. ಅವಳು ಬೇಡವೆಂದು ತಲೆ ಅಲ್ಲಾಡಿಸಿದಳು.

“ನಮ್ಮೂರ್ ಸುತ್ತ ಎಲ್ಲಾ ಕಡ್ಲೆಕಾಯೇ. ಅದಕ್ಕೇ ನಂಗೆ ಅದನ್ನ ಕಂಡ್ರೆ ಹೆದ್ರಿಕೆ. ತ್ಯಾವ ತಾಗಿ ಬೂಷ್ಟು ಹಿಡೀತು ಅಂದ್ರೆ ಅದ್ರೊಳಗೆ ವಿಷ ಕೂತ್ಕಂತದೆ. ಅಷ್ಟ್ ವಿಷ ನಂಗೂ ನಿಂಗೂ ಏನೂ ಮಾಡಾಕಿಲ್ಲ. ನಾಯಿ ಲಿವರ್ರು ಹೋಯ್ತದೆ.”

ನಾನು ಬಿಡಲಿಲ್ಲ, ಒಳ್ಳೆಯ ಹಿಂಡಿಯನ್ನೇ ಆರಿಸಿ ತರುತ್ತೇನೆ ಎಂದೆ. ಕೊನೆಗೆ ಒಪ್ಪಿದಳು, ಒಂದು ಕಟ್ಟಳೆ ಹಾಕಿ. ಹೊಸ ಹಿಂಡಿ, ಬಿಸಿಲಿಗೆ ಹರವಿದ್ದು, ಸ್ವಲ್ಪ ಸ್ವಲ್ಪವೇ ಬೀಸಬೇಕು. ಬೀಸಿದ ಮೇಲೆ ಮೊದಲ ಚಿಟಿಕೆ ನನ್ನ ಬಾಯಿಗೆ. ಕಹಿಯೋ ಕಮಟೋ ಏನಾದರೂ ತಗುಲಿದರೆ ಇಡೀ ಚೀಲ ಗುಂಡಿಗೆ. ಕಹಿ ಇಲ್ಲದಿದ್ದರೆ ವಿಷ ಇಲ್ಲವೆಂದಲ್ಲ, ನಾಲಿಗೆಗೆ ಎಲ್ಲವೂ ಸಿಕ್ಕುವುದಿಲ್ಲ, ಆದರೆ ಬಾಯಿಗೆ ಹಾಕಿಕೊಳ್ಳಬೇಕಾದವನು ಚೀಲದೊಳಗೆ ಒಮ್ಮೆ ಸರಿಯಾಗಿ ನೋಡುತ್ತಾನೆ ಎಂದಳು. ಆಸ್ಪತ್ರೆಯಲ್ಲಿ ಅವಳು ಮಾಡುತ್ತಿದ್ದದ್ದೂ ಅದೇ. ನಾಯಿಗೆ ಕಲಸಿದ ಗಂಜಿ ಮೊದಲು ಅವಳ ಅಂಗೈಗೆ, ಅಲ್ಲಿಂದ ಅವಳ ಬಾಯಿಗೆ, ಆಮೇಲೆ ನಾಯಿಗೆ. ನನ್ನ ಹೆಂಡತಿಗೆ ಇದು ತಿಳಿದಾಗ ಮುಖ ಸಿಂಡರಿಸಿದಳು. ಪುಡಿ ರುಚಿ ನೋಡಿದ ದಿನ ನಾನು ಹಿತ್ತಲಲ್ಲಿ ಮೂರು ಸಲ ಬಾಯಿ ಮುಕ್ಕಳಿಸಿಯೇ ಒಳಗೆ ಹೋಗಬೇಕಿತ್ತು.

ಪಕ್ಕದ ಹಿಟ್ಟಿನ ಗಿರಣಿಗೆ ಸೋಮವಾರ ರಜೆ. ಬೇರೆ ದಿನ ನಾಯಿಪುಡಿ ಬೀಸಿದರೆ ರಾಗಿ ತಂದ ಹೆಂಗಸರು ಸುಮ್ಮನಿರುತ್ತಾರೆಯೇ? ಹಾಗಾಗಿ ನನಗೆ ಗಿರಣಿ ಸಿಗುತ್ತಿದ್ದದ್ದು ಸೋಮವಾರವೇ. ಸಂಕ್ರಾಂತಿ ಕಳೆದು ಶುರು ಮಾಡಿದೆ. ಆರು ತಿಂಗಳು ಒಂದು ಚಿಟಿಕೆಯೂ ತಪ್ಪಿಸಲಿಲ್ಲ.

ಶ್ರಾವಣ ಬಂತು. ಶ್ರಾವಣ ಸೋಮವಾರಗಳಲ್ಲಿ ನಮ್ಮ ಮನೆಯಲ್ಲಿ ಸಂಜೆ ಪೂಜೆಯಾಗುವ ತನಕ ಬಾಯಿಗೆ ನೀರು ಬಿಟ್ಟು ಏನೂ ಇಲ್ಲ. ನನ್ನ ಅಪ್ಪ, ಅವರ ಅಪ್ಪ ನಡೆಸಿಕೊಂಡು ಬಂದದ್ದು. ಆ ವಾರವೆಲ್ಲ ಮೋಡ ಮುಸುಕಿ ಜಿನುಗುತ್ತಿತ್ತು. ಹಿಂಡಿಯನ್ನು ಬಿಸಿಲಿಗೆ ಹಾಕಲು ಬಿಸಿಲೇ ಇರಲಿಲ್ಲ. ಅಂಗಡಿಯಲ್ಲಿದ್ದದ್ದು ಹಳೆಯ ಚೀಲ, ಗೋಡೆಗೆ ಆನಿಸಿ ಇಟ್ಟದ್ದು. ಬೀಸಿದೆ. ಚಿಟಿಕೆ ಹಿಡಿದ ಬೆರಳು ತುಟಿಯ ತನಕ ಬಂತು. ಉಪವಾಸ ನೆನಪಾಯಿತು. ಅದೂ ನಾಯಿಯ ಪುಡಿಯಿಂದ ಉಪವಾಸ ಮುರಿಯುವುದೇ ಎಂದು ಮೈ ಜುಂ ಎಂದಿತು. ಚಿಟಿಕೆಯನ್ನು ಚೀಲಕ್ಕೇ ಹಾಕಿ ಕೈ ಒರೆಸಿಕೊಂಡೆ. ನಾನು ಅವತ್ತೂ ಹೆದರಿದ್ದೆ, ದೇವರಿಗೆ. ಹೆದರಬೇಕಾದ ಕಡೆ ಹೆದರಲಿಲ್ಲ.

ನಮ್ಮ ಮನೆಯ ನಾಯಿ ಗುಂಡ ಎರಡನೆಯ ವಾರ ಗಂಜಿಗೆ ಬಾಯಿ ಇಡುವುದು ಬಿಟ್ಟ. ಗುರುವಾರ ಅವನ ಕಣ್ಣಿನ ಬಿಳಿಗುಡ್ಡೆ ನೋಡಿದೆ, ತೆಳ್ಳಗೆ ಅರಿಸಿನ ಬಳಿದ ಹಾಗಿತ್ತು. ಅಕ್ಕನಿಗೆ ಫೋನು ಮಾಡಿದೆ. ಕಣ್ಣು ಹಳದಿ ಎಂದ ಕೂಡಲೇ ಅವಳ ದನಿ ತಗ್ಗಿತು. ಪುಡಿ ಬೀಸಿದ್ದು ಯಾವಾಗ ಎಂದು ಕೇಳಿದಳು, ಹೇಳಿದೆ.

“ಬಾಯಿಗೆ ಹಾಕ್ಕಂಡಾ?”

“ಹಾಕ್ಕಂಡೆ ಅಕ್ಕ.”

ಯಾಕೆ ಹಾಗೆಂದೆನೋ. ನಾಲಿಗೆ ತಾನೇ ಆಡಿತು ಎಂದರೆ ನೀವು ನಂಬಬೇಕಾಗಿಲ್ಲ. ತಪ್ಪಿಸಿಕೊಳ್ಳಬೇಕೆಂದೇ ಅಂದೆ. ಹಾಗಾದರೆ ತಪ್ಪು ಪುಡಿಯದ್ದಲ್ಲವೇನೋ, ಆದರೂ ನಿಲ್ಲಿಸು, ಮೊದಲು ಆಸ್ಪತ್ರೆಗೆ ಕರೆದುಕೊಂಡು ಹೋಗು ಎಂದಳು. ಗುಂಡನ ಪುಡಿ ನಿಲ್ಲಿಸಿದೆ. ಅವನನ್ನು ಆಸ್ಪತ್ರೆಗೂ ಒಯ್ದೆ, ಡಾಕ್ಟರಿಗೂ ಪುಡಿಯ ಮಾತು ಹೇಳಲಿಲ್ಲ. ಮಾರಿದ ಪೊಟ್ಟಣಗಳ ವಿಚಾರ ತಲೆಯಲ್ಲಿ ಬರುವುದು, ನಾನು ಅದನ್ನು ಆಚೆ ತಳ್ಳುವುದು. ಊರಿನಲ್ಲಿ ಎಲ್ಲೆಲ್ಲೋ ಆ ಹೊತ್ತಿನಲ್ಲೇ ಯಾರೋ ನನ್ನ ಪುಡಿ ಕಲಸುತ್ತಿದ್ದಾರೆ ಎಂದು ಗೊತ್ತಿದ್ದೂ ಅಂಗಡಿಯಲ್ಲಿ ಬೂಸಾ ತೂಗುತ್ತ ಒಂದು ಇಡೀ ದಿನ ಕಳೆದೆ.

ಶುಕ್ರವಾರ ಬೆಳಿಗ್ಗೆ ಗುಂಡ ಡಾಂಬರಿನಂತೆ ಕಪ್ಪಗೆ ಕಕ್ಕಸು ಮಾಡಿದ. ನಾನು ಫೋನು ತೆಗೆದು, ಅಕ್ಕ, ಬಾಯಿಗೆ ಹಾಕಿಕೊಂಡಿರಲಿಲ್ಲ, ಉಪವಾಸವಿತ್ತು ಎಂದೆ. ಬೈಯುತ್ತಾಳೆ ಎಂದು ಕಾದೆ.

“ಒಂದ್ ದಿನ ಹೋಯ್ತು,” ಎಂದಳು. ಆಮೇಲೆ, “ಬತ್ತೀನಿ.”

ಹನ್ನೊಂದರ ಹೊತ್ತಿಗೆ ಅಂಗಡಿಯ ಮುಂದೆ ನಿಂತಿದ್ದಳು, ಬಟ್ಟೆಯ ಚೀಲ ಎದೆಗೆ ಒತ್ತಿಕೊಂಡು. ಮೊದಲು ಪುಡಿಯ ಚೀಲಕ್ಕೆ ಕೈ ಹಾಕಿ ಒಂದು ಚಿಟಿಕೆ ಬಾಯಿಗೆ ಹಾಕಿದಳು. ಅಗಿದು ಉಗುಳಿದಳು. ನನ್ನ ಅಂಗೈಗೂ ಒಂದು ಚಿಟಿಕೆ ಇಟ್ಟಳು. ತುದಿಯಲ್ಲಿ ಸಣ್ಣಗೆ ಕಹಿ, ಮುಚ್ಚಿಟ್ಟ ಪೆಟ್ಟಿಗೆಯಂಥ ಕಮಟು ವಾಸನೆ. ಬಾಯಿಗೆ ಹಾಕಿಕೊಂಡಿದ್ದರೆ ಬೀಸಿದ ಆ ಸೋಮವಾರವೇ ತಿಳಿಯುತ್ತಿತ್ತು. ಡಾಕ್ಟರಿಗೆ ನನ್ನಿಂದಲೇ ಎಲ್ಲ ಹೇಳಿಸಿ, ಒಂದು ಪೊಟ್ಟಣ ಪರೀಕ್ಷೆಗೆ ಕಳಿಸುವಂತೆ ಕೊಡಿಸಿದಳು. ಅದರ ಫಲಿತಾಂಶ ಬಂದಾಗ ಅವಳು ಅಂದದ್ದೇ ಆಗಿತ್ತು, ಆದರೆ ಆ ಹೊತ್ತಿಗೆ ನಮಗದು ಬೇಕಾಗಿರಲಿಲ್ಲ.

ಯಾರು ಯಾರಿಗೆ ಮಾರಿದ್ದೆ ಎಂದು ಕೇಳಿದಳು. ನನಗೆ ಒಂದು ಮುಖವೂ ನೆನಪಿಗೆ ಬರಲಿಲ್ಲ, ತಲೆ ಖಾಲಿಯಾಗಿತ್ತು. ಗಿರಾಕಿ ನೆನಪಾಗದಿದ್ದರೆ ಬೇಡ, ನಾಯಿ ನೆನಪು ಮಾಡಿಕೋ ಎಂದಳು. ಅದು ಕೆಲಸ ಮಾಡಿತು. ಕಿವಿ ಹರಿದದ್ದು, ಮೂರು ಕಾಲಿನದು, ಸ್ಕೂಟರಿನ ಮುಂದೆ ನಿಂತು ಬರುವುದು, ಹೀಗೆ ಹದಿನಾಲ್ಕು ನಾಯಿ ಒಂದೊಂದಾಗಿ ಬಂದವು, ಅವುಗಳ ಹಿಂದೆ ಜನ. ದೂರದವರಿಗೆ ಮೊದಲು ಹೇಳೋಣ ಎಂದೆ. ನಮ್ಮ ಬೀದಿಯ ಕೊನೆಯಲ್ಲಿ ಬ್ಲೌಸು ಹೊಲಿಯುವ ಹೆಂಗಸಿನ ಮನೆಯಿತ್ತು, ಅಲ್ಲಿಗೆ ಹೋಗಲು ನನಗೆ ಕಾಲೇ ಬರುತ್ತಿರಲಿಲ್ಲ. ಅವಳ ಬಿಳಿ ನಾಯಿ ಮಲ್ಲಿ ಹೊಲಿಗೆ ಮಿಷನ್ನಿನ ಪೆಡಲಿನ ಪಕ್ಕದಲ್ಲಿ ಮಲಗುತ್ತಿತ್ತು. ಒಂಟಿ ಹೆಂಗಸಿಗೆ ಅದೇ ಸಂಸಾರ. ಅಕ್ಕ ನನ್ನ ಮುಖ ನೋಡಿ, ಹತ್ತಿರದ್ದೇ ಮೊದಲು ಎಂದಳು.

ಮಿಷನ್ನು ನಿಂತಿತ್ತು. ಮಲ್ಲಿಯನ್ನು ಹಳೆಯ ಸೀರೆಯಲ್ಲಿ ಸುತ್ತಿ ಬಾಗಿಲ ಬಳಿ ಮಲಗಿಸಿದ್ದರು. ಬೆಳಿಗ್ಗೆ ಏಳಕ್ಕೆ ಹೋಯಿತಂತೆ. ನಾನು ಅಕ್ಕನ ಕಡೆ ತಿರುಗಿದೆ, ನೀನೇ ಹೇಳು ಎಂಬಂತೆ. ಅವಳು ತಲೆ ಅಲ್ಲಾಡಿಸಿ ಒಂದು ಹೆಜ್ಜೆ ಹಿಂದೆ ನಿಂತಳು. ನಾನು ಹೇಳಿದೆ. ಪುಡಿ ಕೆಟ್ಟಿತ್ತು, ನೋಡಬೇಕಿತ್ತು, ನೋಡಲಿಲ್ಲ, ನಿನ್ನೆಯೇ ಗೊತ್ತಾಗಿತ್ತು, ಬಂದು ಹೇಳಲಿಲ್ಲ. ನಿನ್ನೆ ಎಂಬ ಮಾತನ್ನು ನುಂಗಿಬಿಡಬಹುದಿತ್ತು. ಬೆನ್ನ ಹಿಂದೆ ಅಕ್ಕ ಇದ್ದಳು, ನುಂಗಲಾಗಲಿಲ್ಲ.

ಆ ಹೆಂಗಸು ಕೂಗಾಡಲಿಲ್ಲ. ನನ್ನನ್ನು ನೋಡಲೂ ಇಲ್ಲ, ಸೀರೆಯ ಅಂಚನ್ನು ಸರಿಮಾಡುತ್ತ ಹೇಳಿದಳು.

“ನಿನ್ನೆ ತಿನ್ನಲ್ಲ ಅಂತ ಮಕ ತಿರುಗಿಸ್ತು ಕಣಣ್ಣ. ನಾನೇ ಬೆಲ್ಲ ಹಾಕಿ, ಮುದ್ದು ಮಾಡಿ ತಿನ್ನಿಸ್ದೆ.”

ನಾನು ಅಲ್ಲೇ ಹೊಸಿಲ ಮೇಲೆ ಕೂತೆ. ಅಕ್ಕ ಒಳಗೆ ಹೋಗಿ ಅವಳ ಪಕ್ಕದಲ್ಲಿ ನೆಲದ ಮೇಲೆ ಕೂತಳು. ಇಬ್ಬರೂ ಸೇರಿ ನಾಯಿಯ ಕಾಲುಗಳನ್ನು ಮಡಿಚಿ ಸೀರೆ ಬಿಗಿ ಮಾಡಿದರು.

ಸಂಜೆಯೊಳಗೆ ಹದಿಮೂರು ಮನೆ ಮುಗಿಸಿದೆವು. ಕೆಲವರು ಬೈದರು, ಒಬ್ಬರು ಪೊಟ್ಟಣವನ್ನು ನನ್ನ ಎದೆಗೆ ಎಸೆದರು. ಎರಡು ನಾಯಿಗಳ ಕಣ್ಣು ಹಳದಿಯಾಗಿತ್ತು, ಅವನ್ನು ಆಸ್ಪತ್ರೆಗೆ ಸೇರಿಸಿದೆವು. ಉಳಿದದ್ದು ಕೊಡಿಕೊಂಡದ ಚೆಕ್‌ಪೋಸ್ಟಿನ ಬಳಿಯ ಡಾಬಾ ಒಂದೇ. ಅಲ್ಲಿ ಒಂದು ಹೆಣ್ಣುನಾಯಿ ಐದು ಮರಿ ಹಾಕಿತ್ತು, ಡಾಬಾದವನು ಬಾಣಂತಿಗೆಂದು ಪುಡಿ ಕೊಂಡಿದ್ದ. ನಾವು ಬಸ್ಸಿಳಿದದ್ದು ಹೆದ್ದಾರಿಯ ಈ ಬದಿ, ಡಾಬಾ ಆ ಬದಿ. ಲಾರಿಗಳು ಒಂದರ ಬಾಲಕ್ಕೆ ಒಂದು ಬರುತ್ತಿದ್ದವು, ಕಣ್ಣು ಹಾಯುವಷ್ಟು ದೂರಕ್ಕೆ ಒಂದು ಎಮ್ಮೆ ಇಲ್ಲ. ನೀನು ಇಲ್ಲೇ ನಿಲ್ಲು, ನಾನು ಹೋಗಿ ಬರುತ್ತೇನೆ ಎನ್ನುವಷ್ಟರಲ್ಲಿ ಅಕ್ಕ ನನ್ನ ಮಣಿಕಟ್ಟು ಹಿಡಿದು ರಸ್ತೆಗೆ ಇಳಿದಿದ್ದಳು. ಕಣ್ಣು ಮುಚ್ಚಿಕೊಂಡೇ ದಾಟಿದಳು ಎಂದು ಕಾಣುತ್ತದೆ. ಆಚೆ ದಡ ಸೇರಿದಾಗ ನನ್ನ ಕೈ ಮೇಲೆ ಅವಳ ಉಗುರಿನ ನಾಲ್ಕು ಗುರುತು.

ಪೊಟ್ಟಣ ಇನ್ನೂ ಬಿಚ್ಚಿರಲಿಲ್ಲ. ಡಾಬಾದಲ್ಲಿ ಉಳಿದ ಅನ್ನ ಮೂಳೆಯೇ ಸಾಕಷ್ಟಿತ್ತು ಎಂದ ಅವನು, ಇಟ್ಟಲ್ಲಿಂದ ಧೂಳು ಒರೆಸಿ ಕೊಟ್ಟ. ಅಕ್ಕ ಅದನ್ನು ಎರಡೂ ಕೈಯಲ್ಲಿ ಹಿಡಿದುಕೊಂಡು ಡಾಬಾದ ಮಂಚದ ಮೇಲೆ ಕೂತು 'ಅಮ್ಮಾ' ಎಂದು ಅತ್ತುಬಿಟ್ಟಳು. ಮರಿಗಳು ಅವಳ ಚಪ್ಪಲಿ ಕಚ್ಚಿ ಎಳೆಯುತ್ತಿದ್ದವು. ಸ್ವಲ್ಪ ಹೊತ್ತಿಗೆ ಕಣ್ಣೊರೆಸಿಕೊಂಡು ನನ್ನ ಕಡೆ ತಿರುಗಿದಳು.

“ಒಂದ್ ಚಿಟಿಕೆಗೆ ಶಿವ ಮುನಿಸ್ಕಂತಾನೆ ಅಂದ್ಕಂಡ್ಯಾ?”

ಆ ಮಾತನ್ನು ಅವಳು ಮತ್ತೆಂದೂ ಎತ್ತಲಿಲ್ಲ.

ಆಸ್ಪತ್ರೆಗೆ ಸೇರಿಸಿದ ಎರಡು ನಾಯಿಗಳೂ ಉಳಿದವು. ಗುಂಡ ಹತ್ತು ದಿನ ಸಲೈನಿನ ಮೇಲಿದ್ದು, ಡಾಕ್ಟರ ಮದ್ದು ಮತ್ತು ಅಕ್ಕನ ಗಂಜಿಯಿಂದ ಬದುಕಿದ. ನನ್ನ ನಾಯಿ ಉಳಿದು ಮಲ್ಲಿ ಹೋದದ್ದಕ್ಕೆ ಇವತ್ತಿಗೂ ಆ ಬೀದಿಯಲ್ಲಿ ತಲೆ ಎತ್ತಿ ನಡೆಯುವುದಿಲ್ಲ. ಕಡಲೆಕಾಯಿ ಹಿಂಡಿ ಬಿಟ್ಟೆ. ಪುಡಿಯನ್ನೇ ಬಿಡುತ್ತೇನೆ ಎಂದಾಗ ಅಕ್ಕ ಒಪ್ಪಲಿಲ್ಲ. ಈಗಲೇ ನಿನ್ನ ಕೈ ನಂಬಬಹುದು, ಹೆದರಿದ ಕೈ ಎಂದಳು. ರಾಗಿಗೂ ಬೂಷ್ಟು ಹಿಡಿಯುತ್ತದೆ, ಹುರುಳಿಗೂ ಹಿಡಿಯುತ್ತದೆ, ಚಿಟಿಕೆ ಬಿಡಬೇಡ ಎಂದಳು. ಹತ್ತು ಗಂಟೆಯ ಫೋನು ಶುರುವಾದದ್ದು ಆಗ. ನನ್ನ ಮೇಲೆ ನಂಬಿಕೆ ಇಲ್ಲವೇ ಎಂದು ಒಮ್ಮೆ ಕೇಳಿದ್ದೆ. ನಂಬಿ ಒಂದು ಸಲ ಕೆಟ್ಟೆನಲ್ಲಪ್ಪ ಎಂದು ನಕ್ಕಳು. ನಾನು ನಗಲಿಲ್ಲ.

ಹೋದದ್ದು ನಿದ್ದೆಯಲ್ಲಿ, ಎದೆ ನಿಂತು. ಇಂಜೆಕ್ಷನ್ನಿಗೆ ಹೆದರಿ ತಿಂಗಳುಗಟ್ಟಲೆ ಡಾಕ್ಟರ ಬಳಿ ಹೋಗಿರಲಿಲ್ಲವಂತೆ. ನಾನು ಹೋದಾಗ ಮನೆಯ ಮುಂದೆ ಜನರಷ್ಟೇ ನಾಯಿಗಳಿದ್ದವು. ಒಳಗೆ ಅವಳ ಕುರ್ಚಿಯ ಮೇಲೆ ಆ ಕುರುಡು ಬೆಕ್ಕು, ಮುದಿಯಾಗಿ, ಬಾಗಿಲ ಕಡೆ ಕಿವಿ ನೆಟ್ಟು ಕೂತಿತ್ತು. ನೆರೆಮನೆಯವರಾರೋ ಪಾಪ ಎಂದು ಅದರ ಮುಂದೆ ಹಾಲನ್ನ ಇಟ್ಟಿದ್ದರು. ನಾನು ಆ ತಟ್ಟೆ ಎತ್ತಿ ಆಚೆ ಇಟ್ಟೆ. ಮಣ್ಣು ಮುಗಿಸಿಕೊಂಡು ಬಜಾರಿಗೆ ಹೋಗಿ, ಜನ್ಮದಲ್ಲಿ ಮೊದಲ ಸಲ, ಮೀನು ಕೊಂಡೆ. ಬೆಕ್ಕನ್ನು ಬುಟ್ಟಿಯಲ್ಲಿ ಹಾಕಿಕೊಂಡು ಹಿಂದೂಪುರದ ಬಸ್ಸು ಹತ್ತಿದೆ, ಮನೆಯಲ್ಲಿ ಏನನ್ನುತ್ತಾಳೋ ಎಂದು ದಾರಿಯುದ್ದಕ್ಕೂ ಅಳುಕುತ್ತ. ಹೆಂಡತಿ ಬುಟ್ಟಿಯೊಳಗೆ ಬಗ್ಗಿ ನೋಡಿದಳು. ಮೀನಿನ ವಾಸನೆ ಬಂದಿರಲೇಬೇಕು. ಹಿತ್ತಲಿನ ಕಲ್ಲೊಲೆಯ ಹತ್ತಿರ ಒಂದು ಹಳೆಯ ಪಾತ್ರೆ ತಂದಿಟ್ಟು, ಅದನ್ನು ಅಲ್ಲಿಂದ ಈಚೆಗೆ ತರಕೂಡದು ಎಂದಷ್ಟೇ ಹೇಳಿದಳು.

ಕಳೆದ ಸೋಮವಾರ ಕಾರ್ತಿಕ ಸೋಮವಾರ. ನನಗೂ ಹೆಂಡತಿಗೂ ಉಪವಾಸ. ಬೀಸಿ, ಜರಡಿ ಹಿಡಿದು, ಚಿಟಿಕೆ ಬಾಯಿಗೆ ಹಾಕಿಕೊಂಡೆ. ರುಚಿ ತಿಳಿಯಲಿಲ್ಲ. ಬಾಯಿ ಒಣಗಿ ನಾಲಿಗೆ ಅಂಗುಳಕ್ಕೆ ಅಂಟಿತ್ತು. ನೀರು ಕುಡಿದು ಇನ್ನೊಂದು ಚಿಟಿಕೆ ಹಾಕಿಕೊಂಡೆ. ಒಂದು ಸಲ ಕಹಿ ಎನಿಸಿತು, ಒಂದು ಸಲ ಇಲ್ಲ. ಗಡಿಯಾರ ನೋಡಿದೆ, ಹತ್ತಾಗಿ ಐದು ನಿಮಿಷ. ಇನ್ನು ಮೇಲೆ ಕೇಳುವವರು ಯಾರೂ ಇಲ್ಲ, ಹಾಕಿಕೊಂಡೆ ಎಂದು ನನಗೆ ನಾನೇ ಹೇಳಿಕೊಂಡರೂ ನಡೆಯುತ್ತದೆ. ಆ ಯೋಚನೆ ಬಂದ ಕೂಡಲೇ ಮಲ್ಲಿಯನ್ನು ಸುತ್ತಿದ್ದ ಸೀರೆ ಕಣ್ಣಿಗೆ ಕಟ್ಟಿತು.

ಹೆಂಡತಿ ಯಾವಾಗ ಬಂದು ನಿಂತಳೋ ಗೊತ್ತಿಲ್ಲ. ನನ್ನ ಮುಖ ನೋಡಿ, ಚೀಲ ನೋಡಿ, ಬಲಗೈ ಚಾಚಿದಳು.

“ಇವತ್ತು ಸೋಮವಾರ ಕಣೇ,” ಎಂದೆ.

“ಗೊತ್ತೈತೆ. ಹಾಕ್ರಿ.”

ಅವಳ ಅಂಗೈಗೆ ಒಂದು ಚಿಟಿಕೆ ಇಟ್ಟೆ. ಕಣ್ಣು ಮುಚ್ಚಿ ನಿಧಾನವಾಗಿ ಅಗಿದಳು. ಅವಳ ಗಂಟಲು ಆಡುವುದನ್ನೇ ನೋಡುತ್ತ ನಿಂತೆ. ಕಣ್ಣು ಬಿಟ್ಟಾಗ ಅವಳ ಮುಖದಲ್ಲೂ ನನ್ನ ಮುಖದಲ್ಲಿದ್ದದ್ದೇ ಇತ್ತು.

“ನಂಗೂ ಸರಿಯಾಗಿ ಗೊತ್ತಾಯ್ತಿಲ್ಲ. ಗೊತ್ತಾಗ್ದಿದ್ರೆ ಬ್ಯಾಡ.”

ಇಬ್ಬರೂ ಚೀಲದ ಎರಡು ಕಿವಿ ಹಿಡಿದು ಹಿತ್ತಲಿಗೆ ಹೊತ್ತೆವು. ನಾನು ಗುಂಡಿ ತೋಡಿದೆ, ಅವಳು ಸುರಿದಳು. ಬೆಕ್ಕು ಕಲ್ಲೊಲೆಯ ಬಳಿ ಕೂತು ಸದ್ದು ಬಂದ ಕಡೆಗೆ ತಲೆ ತಿರುಗಿಸುತ್ತಿತ್ತು. ಮಣ್ಣು ಮುಚ್ಚಿ ಮೆಟ್ಟಿ ಗಟ್ಟಿ ಮಾಡಿದ ಮೇಲೆ ಅವಳು ಕೈ ಕೊಡವಿಕೊಂಡು, “ಸರಿ ಬುಡ್ರಿ, ಮುಂದಿನ್ ವಾರ ಬೀಸಿದ್ರಾಯ್ತು,” ಎಂದಳು. ಬಾಯಿ ಮುಕ್ಕಳಿಸಲು ತಂದಿಟ್ಟ ಚೊಂಬಿನ ನೀರು ಹಾಗೇ ಇತ್ತು, ಅವಳು ಒಳಗೆ ಹೋಗಿಬಿಟ್ಟಿದ್ದಳು.